ಪೆಡಲ್ ಮಾರುವ ಮೊದಲು ಕಾಲು ಬಿಡಿಸುವುದನ್ನು ಕಲಿಸಿ

ಮಾನ್ಯರೆ,

ನಾನು ಧಾರವಾಡದ ಮಾಳಮಡ್ಡಿಯವಳು, ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಭಾನುವಾರ ಬೆಳಿಗ್ಗೆ ರೋಡ್ ಬೈಕ್ ಹತ್ತಿ ಕೆಲಗೇರಿ ಕೆರೆ ಕಡೆಗೋ ಅಮ್ಮಿನಭಾವಿ ಕಡೆಗೋ ಹೋಗುವುದು ಮೂರು ವರ್ಷದ ರೂಢಿ. ಈಗೀಗ ದಾರಿಯಲ್ಲಿ ಹೊಸ ಮುಖಗಳು ಜಾಸ್ತಿ. ಹಲವರ ಕಾಲಲ್ಲಿ ಹೊಚ್ಚ ಹೊಸ ಸೈಕ್ಲಿಂಗ್ ಶೂ. ಅವರು ಸಿಗ್ನಲ್‌ ಹತ್ತಿರ ಬಂದಾಗೆಲ್ಲ ನನ್ನ ಎದೆ ಝಲ್ಲೆನ್ನುತ್ತದೆ.

ಎರಡು ವರ್ಷದ ಹಿಂದೆ ನಾನೂ ಕ್ಲಿಪ್‌ಲೆಸ್ ಪೆಡಲ್ ಹಾಕಿಸಿದೆ. ಶೂ ತಳದಲ್ಲಿ ಕ್ಲೀಟ್ ಅಂತ ಒಂದು ತುಂಡು ಇರುತ್ತದೆ, ಅದು ಪೆಡಲ್‌ಗೆ ಟಕ್ ಅಂತ ಕಚ್ಚಿಕೊಳ್ಳುತ್ತದೆ. ಬಿಡಿಸಲು ಹಿಮ್ಮಡಿಯನ್ನು ಹೊರಗೆ ತಿರುಗಿಸಬೇಕು. ಅಂಗಡಿಯವರು ಹೇಳಿದ್ದು ಇಷ್ಟೇ. 'ರೋಡ್ ಬೈಕಿಗೆ ಇದೇ ಸರಿ' ಅಂತ ಮೂರು ಬೋಲ್ಟಿನ ರೇಸಿಂಗ್ ಶೂ, ಕೆಂಪು ಕ್ಲೀಟ್ ಕೊಟ್ಟು ಕಳಿಸಿದರು. ನಾಲ್ಕನೇ ದಿನ ಟೋಲ್ ನಾಕಾದಲ್ಲಿ ಮುಂದಿನ ಸ್ಕೂಟರ್ ತಟ್ಟನೆ ನಿಂತಿತು. ಬ್ರೇಕ್ ಹಿಡಿದೆ. ಕಾಲು ಬರಲಿಲ್ಲ. ನಿಂತಲ್ಲೇ ಬಲಕ್ಕೆ, ರಸ್ತೆ ನಡುವಿಗೆ ಬಿದ್ದೆ. ಬಿದ್ದ ಮೇಲೂ ಎಡಗಾಲು ಪೆಡಲ್‌ನಲ್ಲೇ ಇತ್ತು. ಹಿಂದಿನ ಟಂಟಂ ಚಾಲಕ ಬ್ರೇಕ್ ಒತ್ತಿದ್ದರಿಂದ ಉಳಿದೆ. ಮುಂಗೈ ಮೂಳೆ ಬಿರುಕು ಬಿಟ್ಟು ಆರು ವಾರ ಬೋರ್ಡ್ ಮೇಲೆ ಬರೆಯಲಾಗಲಿಲ್ಲ.

ಸೈಕಲ್ ಬಿಡಿಭಾಗ ಮಾಡುವ ಶಿಮಾನೊ ಕಂಪನಿಯ ಮೂರು ಬೋಲ್ಟಿನ ಕ್ಲೀಟ್‌ಗಳಲ್ಲಿ ಬಣ್ಣಕ್ಕೊಂದು ಅರ್ಥ ಇದೆ ಅಂತ ಆಮೇಲೆ ತಿಳಿಯಿತು. ಹಳದಿಯಲ್ಲಿ ಪಾದಕ್ಕೆ 6 ಡಿಗ್ರಿ ಅಲುಗಾಟ ಇರುತ್ತದೆ, ನೀಲಿಯಲ್ಲಿ 2, ಕೆಂಪಿನಲ್ಲಿ ಸೊನ್ನೆ. ಆಗ ತಾನೇ ಕಲಿಯುವವಳಿಗೆ ಸೊನ್ನೆ! ಕ್ಲೀಟ್ ಸ್ವಲ್ಪ ಸೊಟ್ಟ ಕೂತರೂ ಮೊಣಕಾಲು ನೋಯುತ್ತದೆ. ಪೆಡಲ್ ಎಷ್ಟು ಬಿಗಿಯಾಗಿ ಕಚ್ಚಬೇಕು ಅಂತ ಹೊಂದಿಸುವ ಹಿಡಿತದ ಸ್ಕ್ರೂ ಕೂಡ ಬಿಗಿಯಾಗೇ ಇತ್ತು. ಅಲೆನ್ ಕೀಲಿಯಿಂದ ಅದನ್ನು ಸಡಿಲ ಮಾಡಲು ಒಂದು ನಿಮಿಷ ಸಾಕಿತ್ತು.

ಈಗ ನನ್ನದು ಎಸ್‌ಪಿಡಿ, ಅಂದರೆ ಶಿಮಾನೊದ್ದೇ ಎರಡು ಬೋಲ್ಟಿನ ಕ್ಲೀಟ್ ಕೂರುವ ಪೆಡಲ್. ಮೌಂಟನ್ ಬೈಕಿನದು ಅಂತ ಮೂಗು ಮುರಿಯುವವರಿದ್ದಾರೆ. ಆದರೆ ಇದರ ಕ್ಲೀಟ್ ಚಿಕ್ಕದು, ಲೋಹದ್ದು, ಶೂ ತಳದ ರಬ್ಬರಿನೊಳಗೆ ಹುದುಗಿರುತ್ತದೆ. ಚಹಾ ಅಂಗಡಿಯ ಒದ್ದೆ ಕಲ್ಲಿನ ಮೇಲೂ ಧೈರ್ಯವಾಗಿ ನಡೆಯಬಹುದು. ಮೂರು ಬೋಲ್ಟಿನ ಪ್ಲಾಸ್ಟಿಕ್ ಕ್ಲೀಟ್ ಹೊರಗೆ ಚಾಚಿರುತ್ತದೆ, ನಡೆದಷ್ಟೂ ಸವೆಯುತ್ತದೆ. ರೇಸ್ ಓಡುವ ಹುಡುಗರಿಗೆ ಅದರ ಅಗಲವಾದ ಆಧಾರ ಬೇಕು, ಒಪ್ಪುತ್ತೇನೆ. ಸುಮ್ನೆ ಅವರನ್ನು ನೋಡಿ ನಾವು ಕೊಳ್ಳಬೇಕಿಲ್ಲ, ಅಲ್ವಾ?

ಇನ್ನು ನಮ್ಮ ಎರೆ ಮಣ್ಣು. ಮಳೆಗಾಲದಲ್ಲಿ ಅಮ್ಮಿನಭಾವಿ ಆಚೆ ರಸ್ತೆ ಬದಿ ಒಮ್ಮೆ ಕಾಲಿಟ್ಟರೆ ಕ್ಲೀಟಿನ ಮೂಲೆಮೂಲೆಗೂ ಮೆತ್ತಿಕೊಳ್ಳುತ್ತದೆ. ಆಗ ಪೆಡಲ್ ಕಚ್ಚುವುದೇ ಇಲ್ಲ. ಎಸ್‌ಪಿಡಿಯಾದರೆ ಎರಡು ಸಲ ಜಾಡಿಸಿ ಒದ್ದರೆ ಅಷ್ಟಿಷ್ಟು ಉದುರುತ್ತದೆ. ಒಣಗಲು ಬಿಟ್ಟರೆ ಸಿಮೆಂಟಿನ ಹಾಗೆ. ನಾನು ಜೇಬಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಇಟ್ಟುಕೊಂಡಿರುತ್ತೇನೆ.

ಶೂ ಕೊಳ್ಳಲು ಸಂಜೆ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಬೆರಳು ಒತ್ತಬಾರದು, ಹಿಮ್ಮಡಿ ಮೇಲೇಳಬಾರದು. ಹೊಸಬರು ಎಸ್‌ಪಿಡಿಯಲ್ಲಿ ಎಸ್‌ಎಚ್56 ಅನ್ನುವ ಕ್ಲೀಟ್ ಕೇಳಿ ಪಡೆಯಿರಿ. ಅದು ಬರೀ ಹೊರಗೆ ತಿರುಗಿಸಿದರೆ ಅಲ್ಲ, ಬೇರೆ ದಿಕ್ಕಿಗೆ ಎಳೆದರೂ ಬಿಡುತ್ತದೆ. ಪೆಡಲ್ ಬದಲಿಸುವುದಕ್ಕೆ ದೊಡ್ಡ ಅಂಗಡಿಯೇ ಬೇಕಿಲ್ಲ. ನನ್ನದನ್ನು ಹಾಕಿಕೊಟ್ಟವರು ನಮ್ಮ ಓಣಿಯ ಹಳೇ ಸೈಕಲ್ ರಿಪೇರಿಯವರು. ಎಡಗಡೆ ಪೆಡಲಿನ ತಿರುಪು ಉಲ್ಟಾ ಅಂತ ನಾನು ಹೇಳುವ ಮೊದಲೇ ಅವರ ಕೈ ಸರಿಯಾದ ದಿಕ್ಕಿಗೆ ತಿರುಗಿತ್ತು. ಅವರು ಅಟ್ಲಾಸ್, ಹೀರೋ ಸೈಕಲ್ ಬಿಚ್ಚಿ ಕಲಿತವರು.

ನಾವು ರಸ್ತೆಯ ಎಡಬದಿಗೆ ಹೋಗುವವರು. ನಿಲ್ಲುವ ಹತ್ತು ಮಾರು ಮೊದಲೇ ಎಡಗಾಲು ಬಿಡಿಸಿ, ಮೈಭಾರ ಎಡಕ್ಕೆ ವಾಲಿಸಿ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಅವಳಿ ನಗರದ ಸೈಕಲ್ ಅಂಗಡಿಯವರಲ್ಲಿ ನನ್ನ ವಿನಂತಿ ಇಷ್ಟು: ಶೂ ಮಾರಿದ ದಿನ ಪೆಡಲಿನ ಹಿಡಿತದ ಸ್ಕ್ರೂ ಪೂರ್ತಿ ಸಡಿಲಿಸಿ ಕೊಡಿ. ಗಿರಾಕಿಯನ್ನು ಅಂಗಡಿಯ ಗೋಡೆ ಹಿಡಿದು ಸೈಕಲ್ ಮೇಲೆ ಕೂರಿಸಿ, ಎರಡೂ ಕಾಲನ್ನು ಐವತ್ತು ಸಲ ಹಾಕಿ ಬಿಡಿಸಲು ಹೇಳಿ. ಆಮೇಲೆ ರಸ್ತೆಗೆ ಬಿಡಿ.

– ಗಣಿತ ಶಿಕ್ಷಕಿ, ಮಾಳಮಡ್ಡಿ, ಧಾರವಾಡ