ಮೊದಲು ಜೀವನಾಂಶ ಕೊಡಿಸಿ

ಮಾನ್ಯ ಸಂಪಾದಕರೇ,

ವಿಚ್ಛೇದನ ಕಾನೂನು ಬದಲಿಸುವ ಕುರಿತು ನಿಮ್ಮ ಪತ್ರಿಕೆಯಲ್ಲಿ ಬಂದ ವರದಿಯನ್ನು ನಿನ್ನೆ ಕೋರ್ಟಿನ ಆವರಣದಲ್ಲೇ ನಿಂತು ಓದಿದೆ. ತಂಗಿಯ ಜೀವನಾಂಶದ ಅರ್ಜಿ ವಿಚಾರಣೆಗಿತ್ತು. ಸಂಜೆವರೆಗೂ ಕಾಯಿಸಿ ಮುಂದಿನ ಡೇಟ್ ಕೊಟ್ಟು ಕಳಿಸಿದರು. ಗಂಡನ ಕಡೆಯ ವಕೀಲರು ಬಂದಿಲ್ಲವಂತೆ. ಹೋದ ಸಲವೂ ಇದೇ ಮಾತು.

ತಂಗಿ ಇಂಡಿ ಕಡೆಯ ಹಳ್ಳಿಯಿಂದ ನಸುಕಿನಲ್ಲೇ ರೊಟ್ಟಿ ಕಟ್ಟಿಕೊಂಡು, ಮಗುವನ್ನು ಎತ್ತಿಕೊಂಡು ಬಂದಿದ್ದಳು. ಶಕ್ತಿ ಯೋಜನೆಯಿಂದ ಬಸ್ ಚಾರ್ಜ್ ಉಳಿಯಿತು, ಆದರೆ ಅವಳ ದಿನದ ಕೂಲಿ ಹೋಯಿತು. ನನ್ನ ಅಂಗಡಿಯೂ ಬಂದ್. ಕೂರಲು ಜಾಗ ಇಲ್ಲ, ಕುಡಿಯಲು ನೀರಿಲ್ಲ. ನಮ್ಮ ಕಡೆಯ ಬಿಸಿಲು ಎಂಥದ್ದು ಅಂತ ನಿಮಗೆ ಗೊತ್ತೇ ಇದೆ. ಸಾಲದ್ದಕ್ಕೆ ಅಲ್ಲಿದ್ದ ಒಬ್ಬರು, 'ಹೊಂದಿಕೊಂಡು ಹೋಗಬೇಕವ್ವಾ' ಎಂದು ಬುದ್ಧಿ ಹೇಳಿದರು. ಹೊಡೆಸಿಕೊಂಡವಳು ಇನ್ನೆಷ್ಟು ಹೊಂದಿಕೊಳ್ಳಬೇಕು?

ಕಾನೂನು ಬದಲಾಗಲಿ, ಬೇಡ ಎನ್ನುವುದಿಲ್ಲ. ಮತ್ತೆ ಕೂಡದಷ್ಟು ಮುರಿದ ಮದುವೆಯಲ್ಲಿ ಅದನ್ನೇ ಕಾರಣವಾಗಿ ಒಪ್ಪಿ ವಿಚ್ಛೇದನ ಕೊಡಿ ಎಂದು ಕಾನೂನು ಆಯೋಗ 1978ರಲ್ಲೇ ಹೇಳಿತ್ತು. 2009ರಲ್ಲಿ ಮತ್ತೆ ಹೇಳಿತು. 2013ರಲ್ಲಿ ರಾಜ್ಯಸಭೆ ಮಸೂದೆ ಪಾಸು ಮಾಡಿದರೂ ಅದು ಕಾನೂನಾಗಲಿಲ್ಲ. ಇಂಥ ಮದುವೆಯನ್ನು ತನ್ನ ವಿಶೇಷ ಅಧಿಕಾರದಿಂದ ರದ್ದು ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಹಾಗಂತ ಹಳ್ಳಿಯ ಹೆಣ್ಣುಮಗಳು ದೆಹಲಿಗೆ ಹೋಗಲು ಆಗುತ್ತದೆಯೇ?

ಆದರೆ ಈಗಿರುವ ಕಾನೂನಾದರೂ ನಡೆಯುತ್ತಿದೆಯಾ? ಮಧ್ಯಂತರ ಜೀವನಾಂಶದ, ಅಂದರೆ ಕೇಸು ಮುಗಿಯುವವರೆಗೆ ಕೊಡಬೇಕಾದ ಹಣದ ಅರ್ಜಿಯನ್ನು ನೋಟಿಸ್ ತಲುಪಿದ 60 ದಿನದೊಳಗೆ ಆದಷ್ಟೂ ಮುಗಿಸಬೇಕು ಎಂದು ಕಾನೂನಿನಲ್ಲೇ ಬರೆದಿದೆ. ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಕೊಡಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ನಮಗೆ ಮಾತ್ರ ಇನ್ನೂ ಒಂದು ಪೈಸೆ ಬಂದಿಲ್ಲ. ಇದನ್ನು ಸರಿಮಾಡದೆ ವಿಚ್ಛೇದನ ಮಾತ್ರ ಸಲೀಸು ಮಾಡಿದರೆ ಗಂಡ ಕೈ ತೊಳೆದುಕೊಂಡು ಹೋಗುತ್ತಾನೆ. ಮಗುವಿನ ಹಾಲು, ಫೀಸು ಯಾರು ನೋಡಬೇಕು?

ರೇಷನ್ ಕಾರ್ಡಿನದು ಬೇರೆಯೇ ಗೋಳು. ತಂಗಿಯ ಹೆಸರು ಈಗಲೂ ಗಂಡನ ಮನೆಯ ಕಾರ್ಡಿನಲ್ಲಿದೆ. ಅವಳ ಪಾಲಿನ ಅಕ್ಕಿ ಅಲ್ಲಿಗೇ ಹೋಗುತ್ತದೆ. ಗೃಹಲಕ್ಷ್ಮಿಯ 2000 ರೂಪಾಯಿ ಕಾರ್ಡಿನ ಯಜಮಾನಿ ಅತ್ತೆಗೆ. ಹೆಸರು ತೆಗೆಸಿ ಹೊಸ ಕಾರ್ಡ್ ಕೊಡಿ ಎಂದರೆ ಕೋರ್ಟಿನ ಆದೇಶ ತನ್ನಿ ಎನ್ನುತ್ತಾರೆ. ಕೋರ್ಟಿಗೆ ಹೋದರೆ ಡೇಟ್. ಒಮ್ಮೆ ಸರ್ವರ್ ಇಲ್ಲ, ಇನ್ನೊಮ್ಮೆ ಸಾಹೇಬರು ಮೀಟಿಂಗಿನಲ್ಲಿ. ಬಡವರನ್ನು ಹೀಗೆ ಅಲೆದಾಡಿಸಲು ಇವರಿಗೆ ಮನಸ್ಸಾದರೂ ಹೇಗೆ ಬರುತ್ತದೆ?

ಮದುವೆ, ವಿಚ್ಛೇದನದ ಕಾನೂನು ಕೇಂದ್ರದ ಕೈಯಲ್ಲಿದೆ ಎಂದು ರಾಜ್ಯದವರು ಜಾರಿಕೊಳ್ಳಬಾರದು. ಇದು ಕೇಂದ್ರ, ರಾಜ್ಯ ಇಬ್ಬರೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿದೆ. ತಮಿಳುನಾಡು 1967ರಲ್ಲೇ ಹಿಂದೂ ವಿವಾಹ ಕಾಯ್ದೆಗೆ ತನ್ನದೇ ತಿದ್ದುಪಡಿ ತಂದಿತ್ತು. ನಮ್ಮವರಿಗೆ ಏನಾಗಿದೆ? ಚಳಿಗಾಲದ ಅಧಿವೇಶನಕ್ಕೆ ಬೆಳಗಾವಿಗೆ ಬರುತ್ತಾರಲ್ಲ, ಒಂದು ದಿನ ಈ ಹೆಣ್ಣುಮಕ್ಕಳ ಬಗ್ಗೆ ಮಾತಾಡಲಿ. ಜೀವನಾಂಶ ಬೇಗ ಕೊಡಿಸಿ, ರೇಷನ್ ಕಾರ್ಡನ್ನೂ ಬೇರೆ ಮಾಡಿಕೊಡಿ. ಕಾನೂನು ಇಲಾಖೆಯೋ ಆಹಾರ ಇಲಾಖೆಯೋ, ಯಾರಾದರೂ ಸರಿ, ಇನ್ನಾದರೂ ಕೆಲಸ ಮಾಡಿ.

– ನೊಂದ ಅಣ್ಣ, ವಿಜಯಪುರ ಜಿಲ್ಲೆ