ಚಿನ್ನದ ಕಣ ಹಿಡಿಯದ ಗಾಜಿನ ಸ್ಲೈಡ್‌ಗಳ ಬಗ್ಗೆ ದೂರು

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನೀವು ಕಳಿಸಿದ, ಕಣ ಹಿಡಿಯಲೆಂದೇ ಅಮೈನ್ ಎಂಬ ರಾಸಾಯನಿಕದ ಲೇಪನ ಮಾಡಿದ ಸ್ಲೈಡ್‌ಗಳ ಮೇಲೆ ಚಿನ್ನದ ನ್ಯಾನೊಕಣಗಳು ಕೂರುತ್ತಿಲ್ಲ. ರಾತ್ರಿಯಿಡೀ ದ್ರಾವಣದಲ್ಲಿ ಮುಳುಗಿಸಿಟ್ಟು ತೊಳೆದರೆ ಕೆಲವು ಬರೀ ಗಾಜಾಗಿಯೇ ಹೊರಬರುತ್ತವೆ. ಇನ್ನು ಕೆಲವು ಒಂದು ಅಂಚಿನಲ್ಲಿ ಮಾತ್ರ ಗುಲಾಬಿ (ಕಣ ಕೂತ ಕಡೆ ಬರುವ ಬಣ್ಣ), ಉಳಿದ ಕಡೆ ಖಾಲಿ.

ಫೋನ್ ಮಾಡಿದಾಗ ನಿಮ್ಮ ಸಿಬ್ಬಂದಿ ನಮ್ಮ ದ್ರಾವಣವೇ ಕೆಟ್ಟಿದೆ ಎಂದರು. ನೋಡದೆಯೇ ಹೇಗೆ ಗೊತ್ತಾಯಿತೋ! ಅದು ಸಿಟ್ರೇಟ್ ಹೊದಿಕೆಯ 20 ನ್ಯಾನೊಮೀಟರ್ ಕಣಗಳ ದ್ರಾವಣ. ಕೆಂಪು ಬಣ್ಣ ಹಾಗೇ ಇದೆ. ಯಾವ ತರಂಗಾಂತರದ ಬೆಳಕನ್ನು ಎಷ್ಟು ಹೀರುತ್ತದೆ ಎಂದು ಸ್ಪೆಕ್ಟ್ರೋಮೀಟರಿನಲ್ಲಿ ಅಳೆದರೆ 520 ನ್ಯಾನೊಮೀಟರ್ ಆಸುಪಾಸು ಒಂದೇ ಶಿಖರ. ಕಣಗಳು ಗುಂಪುಗೂಡಿದ್ದರೆ 600ರ ಆಚೆ ಉಬ್ಬು ಕಾಣಬೇಕಿತ್ತು. ಅದಿಲ್ಲ. ನಾವೇ ಎಪಿಟಿಇಎಸ್ (ಗಾಜಿನ ಮೇಲೆ ಅಮೈನ್ ಪದರ ಕೂರಿಸುವ ರಾಸಾಯನಿಕ) ಹಚ್ಚಿ ಓವನ್‌ನಲ್ಲಿ ಒಣಗಿಸಿದ ಸ್ಲೈಡನ್ನೂ ನಿಮ್ಮದನ್ನೂ ಒಂದೇ ದ್ರಾವಣದಲ್ಲಿ ಅಕ್ಕಪಕ್ಕ ಇಟ್ಟೆವು. ನಮ್ಮದು ಪೂರ್ತಿ ಗುಲಾಬಿಯಾಯಿತು. ನಿಮ್ಮದು ಆಗಲಿಲ್ಲ.

ಆಮೇಲೆ ಬಂದ ಸಲಹೆ ಇನ್ನೂ ವಿಚಿತ್ರ: ದ್ರಾವಣಕ್ಕೆ ಸ್ವಲ್ಪ ಉಪ್ಪು ಸೇರಿಸಿ ನೋಡಿ! ಈ ಕಣಗಳು ಬಿಡಿಬಿಡಿಯಾಗಿ ತೇಲುವುದೇ ಒಂದನ್ನೊಂದು ದೂರ ತಳ್ಳುವುದರಿಂದ. ಉಪ್ಪು ಜಾಸ್ತಿಯಾದರೆ ಆ ತಳ್ಳಾಟ ಕುಗ್ಗಿ ಕಣಗಳು ಮುದ್ದೆಯಾಗುತ್ತವೆ, ದ್ರಾವಣ ನೀಲಿಗೆ ತಿರುಗುತ್ತದೆ. ಅದನ್ನು ಮತ್ತೆ ಕೆಂಪು ಮಾಡಲು ಸಾಮಾನ್ಯವಾಗಿ ಆಗುವುದಿಲ್ಲ. ದುಬಾರಿ ಚಿನ್ನ ಸುಮ್ನೆ ಹಾಳು.

ತಪ್ಪು ಇರುವುದು ಲೇಪನದಲ್ಲಿ. ಗಾಜಿಗೂ ಸಿಟ್ರೇಟ್ ಕಣಕ್ಕೂ ಋಣ ವಿದ್ಯುದಾವೇಶ. ನಡುವೆ ಧನ ಆವೇಶದ ಅಮೈನ್ ಪದರ ಇದ್ದರೆ ತಾನೇ ಕಣ ಅಂಟುವುದು? ನಿಮ್ಮ ಸ್ಲೈಡ್ ಮೇಲೆ ನೀರಿನ ಹನಿ ಬಿಟ್ಟರೆ, ಆಗಷ್ಟೇ ಶುಚಿ ಮಾಡಿದ ಬರೀ ಗಾಜಿನ ಮೇಲಿನಂತೆ ತೆಳ್ಳಗೆ ಹರಡಿಬಿಡುತ್ತದೆ. ಪದರ ಇದ್ದಿದ್ದರೆ ಹನಿ ತಕ್ಕಮಟ್ಟಿಗೆ ಉಬ್ಬಿ ನಿಲ್ಲುತ್ತಿತ್ತು. ಪೊಟ್ಟಣದ ಸೀಲ್ ಬಿಟ್ಟಿತ್ತು, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಕೂಡ ಇರಲಿಲ್ಲ. ತೇವ ತಾಗಿದರೆ ಈ ಪದರ ಕೆಡುತ್ತದೆ ಎಂದು ನಿಮಗೆ ನಾವು ಹೇಳಬೇಕಿಲ್ಲ ಅಲ್ವಾ?

ಬೇರೆ ಬ್ಯಾಚಿನ ಸ್ಲೈಡ್ ಕಳಿಸಿ, ಇಲ್ಲವೇ ಹಣ ವಾಪಸ್ ಕೊಡಿ. ಸ್ಲೈಡ್ ಕಳಿಸುವುದಾದರೆ ಲೇಪನ ಮಾಡಿದ ದಿನಾಂಕ ಮತ್ತು ಹನಿಯ ಸ್ಪರ್ಶಕೋನ (ಹನಿಯ ಅಂಚು ಗಾಜಿನೊಂದಿಗೆ ಮಾಡುವ ಕೋನ) ಅಳೆದ ವರದಿ ಜೊತೆಗಿರಲಿ. ಇದೇ ಬ್ಯಾಚಿನ ಇನ್ನೊಂದು ಪೆಟ್ಟಿಗೆ ಬಂದರೆ ತೆರೆಯದೆ ಹಿಂದಿರುಗಿಸುತ್ತೇವೆ. ಬಳಸದ ಸ್ಲೈಡ್‌ಗಳನ್ನು ಮರಳಿಸಲು ಸಿದ್ಧ, ಸಾಗಣೆ ಖರ್ಚು ನಿಮ್ಮದು. ಬಿಲ್ಲು, ಗ್ರಾಫು, ಎರಡೂ ಸ್ಲೈಡ್‌ಗಳ ಫೋಟೊ ಲಗತ್ತಿಸಿದ್ದೇನೆ. ಉತ್ತರ ಬರಹದಲ್ಲೇ ಬರಲಿ, ಫೋನಿನಲ್ಲಿ ಬೇಡ.

ಇಂತಿ,
ಲ್ಯಾಬಿನ ಖರೀದಿ ನೋಡಿಕೊಳ್ಳುವ ಸಂಶೋಧಕಿ