ತೊಗರಿ ಬೇಳೆಯ ಪೊಟ್ಟಣ ಬದಲಾಗಿರುವ ಕುರಿತು

ಮಾನ್ಯ ಗ್ರಾಹಕರೇ,

ಕಲಬುರಗಿಯ ನಮ್ಮ ಸಹಕಾರ ಸಂಘದ ತೊಗರಿ ಬೇಳೆ ಈ ವಾರದಿಂದ ಹಳೆಯ ಹೆಸರಿನ ಹಳದಿ ಪೊಟ್ಟಣದಲ್ಲಿ ಸಿಗುವುದಿಲ್ಲ. ಬಿಳಿ ಪೊಟ್ಟಣದ ಮೇಲೆ ಸಂಘದ ಹೆಸರು ಮಾತ್ರ ಇರುತ್ತದೆ. ಬೇಳೆ, ಗಿರಣಿ, ದರ ಮೂರೂ ಹಿಂದಿನವೇ.

ಬೆಂಗಳೂರಿನ ವ್ಯಾಪಾರಿ ಸಂಸ್ಥೆಯೊಂದು, ನಮ್ಮ ಪೊಟ್ಟಣದ ಹೆಸರು ತನ್ನ ನೋಂದಾಯಿತ ಟ್ರೇಡ್‌ಮಾರ್ಕನ್ನು ಹೋಲುತ್ತದೆಂದು ಅಲ್ಲಿನ ವಾಣಿಜ್ಯ ನ್ಯಾಯಾಲಯದಲ್ಲಿ ದಾವೆ ಹೂಡಿದೆ. ಇಲ್ಲಿಯವರ ಮೇಲೆ ಅಲ್ಲಿ ದಾವೆ ಹೇಗೆ ಎಂದು ಹಲವರು ಕೇಳಿದ್ದೀರಿ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 134ನೆಯ ಕಲಮು, ನೋಂದಾಯಿತ ಗುರುತಿನ ಮಾಲೀಕರಿಗೆ ತಾವು ವ್ಯವಹಾರ ನಡೆಸುವ ಊರಿನಲ್ಲೇ ದಾವೆ ಹೂಡಲು ಅವಕಾಶ ಕೊಡುತ್ತದೆ. ಹಾಗಾಗಿ ಹೈಕೋರ್ಟ್ ಪೀಠವೇ ನಮ್ಮೂರಿನಲ್ಲಿದ್ದರೂ ಪ್ರತಿ ತಾರೀಖಿಗೆ ನಾವು ರಾತ್ರಿ ರೈಲು ಹತ್ತುತ್ತಿದ್ದೇವೆ.

ದಾವೆ ಇತ್ಯರ್ಥವಾಗುವವರೆಗೆ ಆ ಹೆಸರನ್ನು ಬಳಸಬಾರದೆಂದು ನ್ಯಾಯಾಲಯ ತಾತ್ಕಾಲಿಕ ತಡೆಯಾಜ್ಞೆ ನೀಡಿದೆ. ಮೇಲ್ನೋಟಕ್ಕೆ ಹಕ್ಕು ಯಾರದೆಂದು ಕಾಣುತ್ತದೆ, ತಡೆ ಕೊಟ್ಟರೆ ಅಥವಾ ಕೊಡದಿದ್ದರೆ ಯಾರಿಗೆ ಹೆಚ್ಚು ತೊಂದರೆ, ಹಣದಿಂದ ತುಂಬಲಾಗದ ನಷ್ಟವಿದೆಯೇ ಎಂಬುದನ್ನಷ್ಟೇ ಈ ಹಂತದಲ್ಲಿ ನೋಡಲಾಗುತ್ತದೆ. ಸಾಕ್ಷಿ ವಿಚಾರಣೆ ಇನ್ನೂ ಆರಂಭವಾಗಿಲ್ಲ.

2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯಡಿ ಇಂಥ ಆದೇಶದ ಮೇಲೆ 60 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಆದರೆ ವಾಂಡರ್ ಮತ್ತು ಆಂಟಾಕ್ಸ್ ಕಂಪನಿಗಳ ನಡುವಿನ ಪ್ರಕರಣದಲ್ಲಿ 1990ರಲ್ಲಿ ಸುಪ್ರೀಂ ಕೋರ್ಟ್ ಹೇಳಿರುವಂತೆ, ಕೆಳ ನ್ಯಾಯಾಲಯ ತನ್ನ ವಿವೇಚನೆಯನ್ನು ಮನಸೋಇಚ್ಛೆ ಬಳಸಿದ್ದರೆ ಅಥವಾ ಸ್ಥಾಪಿತ ತತ್ವಗಳನ್ನು ಕಡೆಗಣಿಸಿದ್ದರೆ ಮಾತ್ರ ಮೇಲಿನ ನ್ಯಾಯಾಲಯ ಕೈಹಾಕುತ್ತದೆಯೇ ಹೊರತು, ಬೇರೆ ಅಭಿಪ್ರಾಯಕ್ಕೂ ಅವಕಾಶವಿತ್ತು ಎಂಬಷ್ಟಕ್ಕೇ ಆದೇಶವನ್ನು ಬದಲಿಸುವುದಿಲ್ಲ. ಆದೇಶ ನಮಗೆ ಕಹಿಯಾದರೂ ಅಂಥ ದೋಷ ಅದರಲ್ಲಿ ಕಾಣಲಿಲ್ಲ. ಆದ್ದರಿಂದ ಆಡಳಿತ ಮಂಡಳಿಯು ಮೇಲ್ಮನವಿಯ ಖರ್ಚನ್ನು ಮೂಲ ವಿಚಾರಣೆಗೇ ಮೀಸಲಿಡಲು ತೀರ್ಮಾನಿಸಿದೆ. ಅಲ್ಲಿ ಸೋತರೆ, ಅಂತಿಮ ತೀರ್ಪಿನ ಮೇಲಿನ ಮೇಲ್ಮನವಿಯಲ್ಲಿ ಸಾಕ್ಷ್ಯವನ್ನೆಲ್ಲ ಮತ್ತೆ ಪರಿಶೀಲಿಸಲು ಅವಕಾಶವಿದೆ.

ತೊಗರಿಯ ಜಿಐ ಮಾನ್ಯತೆಯೂ ಹೋಯಿತೇ ಎಂದು ಕೆಲವರು ಗಾಬರಿಯಾಗಿದ್ದಾರೆ. 2019ರಲ್ಲಿ ದೊರೆತ ಆ ಭೌಗೋಳಿಕ ಸೂಚಕ ಈ ಸೀಮೆಯ ಬೆಳೆಗೆ ಸಂಬಂಧಿಸಿದ್ದು. ಈ ದಾವೆ ಅದನ್ನು ಮುಟ್ಟುವುದಿಲ್ಲ.

ಎದುರಿನವರ ಬಳಕೆಗೂ ನೋಂದಣಿಗೂ ಮೊದಲಿನಿಂದ ನಾವು ಆ ಹೆಸರನ್ನು ನಿರಂತರವಾಗಿ ಬಳಸಿದ್ದೇವೆಂದು ಸಾಬೀತಾದರೆ, ಟ್ರೇಡ್‌ಮಾರ್ಕ್ ಕಾಯ್ದೆಯ 34ನೆಯ ಕಲಮು ನಮ್ಮನ್ನು ರಕ್ಷಿಸುತ್ತದೆ. ಆದರೆ ನಮ್ಮ ಹಳೆಯ ಬಿಲ್ ಪುಸ್ತಕಗಳ ಕಾರ್ಬನ್ ಪ್ರತಿಗಳಲ್ಲಿ ತೂಕ, ದರ ಓದಲು ಬರುತ್ತವೆ, ಬೇಳೆಯ ಹೆಸರು ಮಾಸಿದೆ. ಒಂದು ಕಟ್ಟನ್ನಂತೂ ಗೆದ್ದಲು ತಿಂದಿದೆ, ಅದು ನಮ್ಮದೇ ಅಲಕ್ಷ್ಯ. ಆ ಹೆಸರು ನಮೂದಾಗಿರುವ ಹಳೆಯ ರಸೀದಿ ಅಥವಾ ಖಾಲಿ ಚೀಲ ತಮ್ಮಲ್ಲಿದ್ದರೆ ದಯವಿಟ್ಟು ಸಂಘದ ಕಚೇರಿಗೆ ತನ್ನಿ. ನಕಲು ನಿಮಗೆ ಕೊಟ್ಟು ಮೂಲಪ್ರತಿಗೆ ಸ್ವೀಕೃತಿ ಬರೆದುಕೊಡುತ್ತೇವೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ